ಮಗ ಕೇಳಿದ ಬೈಕು

ಕಳೆದ 2025ರ ದಸರಾ ರಜೆಯ ಮಾತು. ನನ್ನ ಹಿರಿಯ ಮಗನಿಗೆ 22 ವರ್ಷ. ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಪೀಣ್ಯದಲ್ಲಿ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಅವನನ್ನು ನೋಡಿ ಬರೋಣವೆಂದು ನಾನೂ ನನ್ನ ಮಡದಿಯೂ ಯಲ್ಲದಕೆರೆಯಿಂದ ಬಸ್ಸು ಹತ್ತಿ ಹೋದೆವು. ಊಟಕ್ಕೆ ಕುಳಿತಾಗ ಅವನು ವಿಷಯ ತೆಗೆದ.

"ಅಬ್ಬಾ, ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ. ನಾನು ನೋಡಿರುವ ಬೈಕು 349 ಸಿಸಿ. ಈಗ ತೆಗೆದುಕೊಂಡರೆ ಉಳಿತಾಯ. ಉಳಿದದ್ದು ಕಂತಿನಲ್ಲಿ ಕಟ್ಟುತ್ತೇನೆ."

ಅವನ ಅಮ್ಮಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ನನಗೆ ಕಾರಣ ಗೊತ್ತಿತ್ತು. ಅವಳ ತಮ್ಮ, ಒಬ್ಬನೇ ತಮ್ಮ, ಇದೇ ಹೆದ್ದಾರಿಯಲ್ಲಿ ಶಿರಾದ ಆಚೆ ತೀರಿಕೊಂಡವನು. ರಾತ್ರಿ ಹೊತ್ತು ದೀಪವಿಲ್ಲದೆ ನಿಂತಿದ್ದ ಲಾರಿಗೆ ಹಿಂದಿನಿಂದ ಹೋಗಿ ಹೊಡೆದಿದ್ದ. ಅವನಿಗೂ ಆಗ 22. ಅಂದಿನಿಂದ ನಮ್ಮ ಮನೆಯಲ್ಲಿ ಹೆದ್ದಾರಿ ಎಂಬ ಮಾತು ಬಂದರೆ ಅವಳು ಎದ್ದು ಒಳಗೆ ಹೋಗುತ್ತಾಳೆ.

ನಾನು ಮಗನಿಗೆ ಉಪದೇಶ ಶುರು ಮಾಡಿದೆ. ಬಡ್ಡಿಯ ಸಾಲ ನಮ್ಮ ಮನೆಗೆ ಬೇಡ ಎಂದೆ. ಅದರಲ್ಲಿ ನನಗೆ ಅನುಮಾನವಿರಲಿಲ್ಲ. ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ. ಅಂಥ ಬೈಕು ಬರೀ ಜಂಬಕ್ಕೆ, ಅದು ಹುಡುಗರನ್ನು ಹಾಳು ಮಾಡುತ್ತದೆ, ನೂರು ಸಿಸಿಯಲ್ಲಿ ಆಗದ್ದು ಇದರಲ್ಲಿ ಏನಾಗುತ್ತದೆ ಎಂದೆಲ್ಲ ಹೇಳಿದೆ. ಮೇಷ್ಟ್ರುಗಳಿಗೆ ಮಾತು ನಿಲ್ಲಿಸುವುದು ಗೊತ್ತಿರುವುದಿಲ್ಲ.

ಮಡದಿಯೇ ನನ್ನನ್ನು ತಡೆದಳು. "ನೀವು ಅದನ್ನು ಓಡಿಸಿದ್ದೀರಾ? ನನ್ನ ತಮ್ಮ ಹೋದದ್ದು ಸಣ್ಣ ಬೈಕಿನಲ್ಲೇ. ದೊಡ್ಡದು ಅಂದರೆ ಏನು ಅಂತ ನನಗಂತೂ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಮೊದಲು ಓಡಿಸಿ ನೋಡಿ, ಆಮೇಲೆ ಅವನಿಗೆ ಬೇಕು ಬೇಡ ಹೇಳಿ."

ಓಡಿಸಿರಲಿಲ್ಲ ನಿಜ. ಮದ್ರಸದಲ್ಲಿ ಓದುವಾಗ ಉಸ್ತಾದರ ಲೂನಾದಲ್ಲಿ ಗಾಡಿ ಕಲಿತೆ. ಕೆಲಸ ಸಿಕ್ಕ ಮೇಲೆ ಟಿವಿಎಸ್ ಎಕ್ಸೆಲ್. ಅದಾದ ಮೇಲೆ ಇಂದಿನವರೆಗೂ ಒಂದು ಸ್ಪ್ಲೆಂಡರ್. 97 ಸಿಸಿಯ ಆ ಬಡಪಾಯಿ ಗಾಡಿ ತೆಂಗಿನಕಾಯಿ ಮೂಟೆ ಹೊತ್ತಿದೆ, ಗ್ಯಾಸ್ ಸಿಲಿಂಡರ್ ಹೊತ್ತಿದೆ, ಎರಡು ಹೆರಿಗೆಗೆ ನನ್ನ ಮಡದಿಯನ್ನು ಹಿರಿಯೂರಿಗೆ ಹೊತ್ತಿದೆ. 2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ 89 ವರ್ಷಗಳ ನಂತರ ಕೋಡಿ ಬಿದ್ದಾಗ ನಾವಿಬ್ಬರೂ ನೀರು ನೋಡಲು ಹೋದದ್ದೂ ಅದರಲ್ಲೇ. ದೊಡ್ಡ ಗಾಡಿ ಎಂದರೆ ನನಗೆ ಗೊತ್ತಿದ್ದದ್ದು ಕೊಬ್ಬರಿ ವ್ಯಾಪಾರಿಗಳ ಹಳೆಯ ಬುಲೆಟ್ಟು, ಮೈಸೂರಿನಲ್ಲಿ 1996ರವರೆಗೆ ತಯಾರಾಗುತ್ತಿದ್ದ ಜಾವಾ ಮತ್ತು ಯೆಜ್ಡಿ. ಅವನ್ನೂ ನೋಡಿ ಗೊತ್ತೇ ಹೊರತು ಮುಟ್ಟಿ ಗೊತ್ತಿರಲಿಲ್ಲ.

ಮಗ ನಕ್ಕು, "ಬಾಡಿಗೆಗೆ ಸಿಗುತ್ತದೆ ಅಬ್ಬಾ" ಎಂದ.

ಬೈಕನ್ನು ಸೈಕಲ್ಲಿನ ಹಾಗೆ ಬಾಡಿಗೆಗೆ ಕೊಡುತ್ತಾರೆಂಬುದು ನನಗೆ ಹೊಸತು. ಕೇಂದ್ರ ಸರ್ಕಾರ ಇದಕ್ಕೆಂದು 1997ರಲ್ಲೇ ಒಂದು ಯೋಜನೆ ಮಾಡಿದೆಯಂತೆ. ಬೆಂಗಳೂರಿನಲ್ಲಿ 2014ರಲ್ಲಿ ವಿಕೆಡ್ ರೈಡ್ ಎಂಬ ಕಂಪನಿ ಹಾರ್ಲೆ ಡೇವಿಡ್‌ಸನ್‌ನಂಥ ಭಾರೀ ಬೈಕುಗಳನ್ನೇ ಬಾಡಿಗೆಗೆ ಬಿಟ್ಟಿತ್ತು. ಈಗ ಸಣ್ಣಪುಟ್ಟ ಅಂಗಡಿಗಳೂ ಈ ವ್ಯವಹಾರದಲ್ಲಿವೆ. ಸಹೋದರಿಯರಲ್ಲಿ ಯಾರ ಮಕ್ಕಳಾದರೂ ಹೀಗೆ ಬೈಕು ತರುತ್ತಿದ್ದರೆ ನಂಬರ್ ಪ್ಲೇಟು ನೋಡಿ. ಪರವಾನಗಿ ಪಡೆದ ಪೆಟ್ರೋಲ್ ಬಾಡಿಗೆ ಗಾಡಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರವಿರುತ್ತದೆ. ಬಿಳಿ ಪ್ಲೇಟಿನದ್ದು ಯಾರದೋ ಸ್ವಂತ ಗಾಡಿ. ಅದನ್ನು ಬಾಡಿಗೆಗೆ ಕೊಡುವುದು ಕಾನೂನಿಗೆ ವಿರುದ್ಧ, ಅಪಘಾತವಾದರೆ ವಿಮೆಯವರು ಕೈ ಎತ್ತಬಹುದು.

ಭಾನುವಾರ ಫಜ್ರ್ ನಮಾಝ್ ಮುಗಿಸಿ ಅಂಗಡಿಗೆ ಹೋದೆವು. ರಾಯಲ್ ಎನ್‌ಫೀಲ್ಡ್ ಮೀಟಿಯರ್ 350. ಅಂಗಡಿಯ ಹುಡುಗ ನನ್ನ ಲೈಸೆನ್ಸ್ ನೋಡಿ, ಗಾಡಿಯ ನಾಲ್ಕೂ ಕಡೆಯ ಫೋಟೋ ತೆಗೆದು, ಮಗ ಕಟ್ಟಿದ ಠೇವಣಿ ಎಣಿಸಿಕೊಂಡ. ಆಮೇಲೆ ನನ್ನ ಗಡ್ಡವನ್ನೂ ಕಾಲಿನ ಚಪ್ಪಲಿಯನ್ನೂ ನೋಡಿ, "ಸರ್, ಮುಂಚೆ ದೊಡ್ಡ ಗಾಡಿ ಓಡಿಸಿದ್ದೀರಾ?" ಎಂದು ಕೇಳಿದ.

"ಇಪ್ಪತ್ತೈದು ವರ್ಷದಿಂದ ಗಾಡಿ ಓಡಿಸುತ್ತಿದ್ದೇನಪ್ಪ" ಎಂದೆ.

ಅದು ಸುಳ್ಳಲ್ಲ. ಅವನು ಕೇಳಿದ್ದಕ್ಕೆ ಉತ್ತರವೂ ಅಲ್ಲ. ಮಕ್ತಬ್‌ನಲ್ಲಿ ಮಕ್ಕಳಿಗೆ ಸತ್ಯದ ಬಗ್ಗೆ ಪಾಠ ಮಾಡುವವನು ನಾನು.

ಮಗ ತನ್ನ ಬೂಟು ಕೊಟ್ಟು ಚಪ್ಪಲಿ ಬಿಡಿಸಿದ. ಸವಾರಿಯ ದುಆ ಹೇಳಿಕೊಂಡು ಕುಳಿತೆ. ಮೊದಲ ಆಶ್ಚರ್ಯ ಎತ್ತರದ್ದು. ಕುದುರೆ ಹತ್ತಿದಂತಿರುತ್ತದೆ ಎಂದುಕೊಂಡಿದ್ದೆ. ಸೀಟು ನನ್ನ ಸ್ಪ್ಲೆಂಡರಿಗಿಂತ ತಗ್ಗಿನಲ್ಲಿದೆ! ನೆಲದಿಂದ 765 ಮಿಲಿಮೀಟರು, ಸ್ಪ್ಲೆಂಡರಿನದ್ದು 785. ಕಾಲು ಮುಂದಕ್ಕೆ ಚಾಚಿ, ಕೈ ಅಗಲ ಮಾಡಿ, ಆರಾಮ ಕುರ್ಚಿಯಲ್ಲಿ ಕುಳಿತ ಹಾಗೆ. ಆದರೆ ಪಕ್ಕದ ಸ್ಟ್ಯಾಂಡಿನಿಂದ ನೇರ ಮಾಡಲು ಹೋದಾಗ ಗೊತ್ತಾಯಿತು. 191 ಕಿಲೋ. ನನ್ನ ಗಾಡಿ 112. ಮಧ್ಯದ ವ್ಯತ್ಯಾಸ ಒಂದೂವರೆ ಮೂಟೆ ಅಕ್ಕಿ.

ಎರಡನೆಯ ಆಶ್ಚರ್ಯ ಗೇರಿನದ್ದು, ಅದು ಸ್ವಲ್ಪದರಲ್ಲೇ ನನ್ನನ್ನು ಕೆಡವುತ್ತಿತ್ತು. ಸ್ಪ್ಲೆಂಡರಿನಲ್ಲಿ ನಾಲ್ಕು ಗೇರೂ ಮುಂದಕ್ಕೆ ತುಳಿದರೆ ಬೀಳುತ್ತವೆ. ಒಂದು, ಎರಡು, ಮೂರು, ನಾಲ್ಕು, ಎಲ್ಲವೂ ಕಾಲ್ಬೆರಳಿನಿಂದ ಕೆಳಕ್ಕೆ. ಇದರಲ್ಲಿ ಒಂದನೆಯದು ಮಾತ್ರ ಕೆಳಕ್ಕೆ, ಉಳಿದ ನಾಲ್ಕು ಮೇಲಕ್ಕೆ. ಬೆರಳಿನಿಂದ ಎತ್ತಬೇಕು ಅಥವಾ ಹಿಂದಿನ ಪಟ್ಟಿಯನ್ನು ಹಿಮ್ಮಡಿಯಿಂದ ತುಳಿಯಬೇಕು. ಹುಡುಗ ಇದನ್ನು ಹೇಳಿಕೊಟ್ಟಿದ್ದ, ನಾನು ತಲೆಯಾಡಿಸಿದ್ದೆ. ಆದರೆ ಕಾಲಿಗೆ ಕಿವಿ ಇರುವುದಿಲ್ಲವಲ್ಲ. ನೆಲಮಂಗಲ ದಾಟುವ ಮೊದಲು ಮೂರನೆಯ ಗೇರಿನಿಂದ ನಾಲ್ಕಕ್ಕೆ ಹೋಗಲೆಂದು ಅಭ್ಯಾಸಬಲದಿಂದ ಮುಂದಕ್ಕೆ ತುಳಿದೆ. ಅದು ಎರಡಕ್ಕೆ ಬಿತ್ತು. ಎಂಜಿನ್ ಒಮ್ಮೆಲೇ ಅರಚಿ ಗಾಡಿ ಜಗ್ಗಿ ಹಿಡಿದಂತಾಯಿತು. ಹಿಂದೆ ಬರುತ್ತಿದ್ದ ಟೆಂಪೋದವನು ಹಾರ್ನು ಒತ್ತಿ, ಪಕ್ಕಕ್ಕೆ ಬಂದು, ಹೇಳಬಾರದ್ದನ್ನು ಹೇಳಿ ಹೋದ. ಗಾಡಿ ನಿಲ್ಲಿಸಿ ಐದು ನಿಮಿಷ ಸುಮ್ಮನೆ ಕುಳಿತೆ. ಇಪ್ಪತ್ತೈದು ವರ್ಷದ ಅನುಭವವೇ ನನ್ನನ್ನು ಬೀಳಿಸಲು ಹೊರಟಿತ್ತು. ಏನೂ ಗೊತ್ತಿಲ್ಲದ ಹುಡುಗ ಹೇಳಿಕೊಟ್ಟ ಹಾಗೆ ಮಾಡುತ್ತಿದ್ದ.

ತುಮಕೂರು ದಾಟಿದ ಮೇಲೆ ಕಾಲು ಪಳಗಿತು. ನಿಜ ಹೇಳುತ್ತೇನೆ, ಶಿರಾದವರೆಗಿನ ಆ ಒಂದು ಗಂಟೆ ನನಗೆ ಬಹಳ ಇಷ್ಟವಾಯಿತು. ಸ್ಪ್ಲೆಂಡರಿನಲ್ಲಿ ಲಾರಿ ಪಕ್ಕದಲ್ಲಿ ಹೋದರೆ ಅದರ ಗಾಳಿಗೇ ಗಾಡಿ ಅಲುಗಾಡುತ್ತದೆ. ಇದು ಅಲುಗಲಿಲ್ಲ. ದ್ವಿಚಕ್ರ ವಾಹನಗಳಿಗೆ ನಾಲ್ಕು ಪಥದ ಹೆದ್ದಾರಿಯಲ್ಲಿ ಇರುವ ಮಿತಿ 80. ಆ ವೇಗದಲ್ಲಿ ನನ್ನ ಗಾಡಿ ಜೀವ ಬಿಡುತ್ತಿರುತ್ತದೆ, ಇದು ಗುನುಗುತ್ತಿತ್ತು. ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕು, ಎರಡಕ್ಕೂ ಎಬಿಎಸ್. ಅಂದರೆ ಗಾಬರಿಯಲ್ಲಿ ಬ್ರೇಕು ಒತ್ತಿ ಹಿಡಿದರೂ ಚಕ್ರ ಕಚ್ಚಿಕೊಂಡು ಜಾರುವುದನ್ನು ಯಂತ್ರವೇ ತಡೆಯುತ್ತದೆ. ಮಗ ಬರೀ ಜಂಬಕ್ಕೆ ಕೇಳಿದ್ದಲ್ಲ ಎಂದು ಅನಿಸಿತು. ಮರುಕ್ಷಣವೇ, ಇಷ್ಟು ಹಿತವಾಗಿದ್ದರೆ 22ರ ಹುಡುಗ 80ಕ್ಕೆ ನಿಲ್ಲುತ್ತಾನೆಯೇ ಎಂದೂ ಅನಿಸಿತು. ಮುಳ್ಳು 90 ತೋರಿಸುತ್ತಿತ್ತು. ನಲವತ್ತೇಳರ ನಾನೇ ನಿಂತಿರಲಿಲ್ಲ.

ಶಿರಾದ ಆಚೆ ಆ ಜಾಗ ಬಂತು. ಗುರುತಿಗೆ ಅಲ್ಲೇನೂ ಇಲ್ಲ. ನಾನು ವೇಗ ಇಳಿಸಿ, ಮನಸ್ಸಿನಲ್ಲೇ ಫಾತಿಹಾ ಓದಿ ಮುಂದೆ ಹೋದೆ.

ಮಡದಿ ಹೆದ್ದಾರಿಯಲ್ಲಿ ಬೈಕು ಹತ್ತುವುದಿಲ್ಲವೆಂದು ಬಸ್ಸಿನಲ್ಲಿ ಬಂದಿದ್ದಳು. ಹಿರಿಯೂರಿನ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದಳು. ಅಲ್ಲಿಂದ ಹುಳಿಯಾರಿನ ದಾರಿಯಲ್ಲಿ ನಮ್ಮ ಊರಿಗೆ ಇಬ್ಬರೂ ಒಟ್ಟಿಗೆ. ಇಷ್ಟು ವರ್ಷ ಅವಳು ಕುಳಿತದ್ದು ಒಂದೇ ಕಡೆ ಕಾಲು ಹಾಕಿ. ಭಾರದ ಗಾಡಿಯಲ್ಲಿ ಹಿಂದೆ ಕುಳಿತವರು ಒಂದು ಬದಿಗೆ ವಾಲಿದರೆ ಹೊಸಬನಿಗೆ ಸಮತೋಲನ ಸಿಗುವುದು ಕಷ್ಟ, ಎರಡೂ ಕಡೆ ಕಾಲು ಹಾಕಿ ಕೂರು ಎಂದೆ. ಅವಳು ಸುತ್ತ ನೋಡಿದಳು. ನಿಲ್ದಾಣದ ಅರ್ಧ ಜನ ನಮ್ಮನ್ನೇ ನೋಡುತ್ತಿದ್ದರು. ಬುರ್ಖಾದ ಅಂಚನ್ನು ಸಲ್ವಾರಿನ ಮೇಲೆ ಒಟ್ಟುಮಾಡಿ ಎರಡು ಪಿನ್ನು ಹಾಕಿಕೊಂಡು, ಹೆಲ್ಮೆಟ್ ತೊಟ್ಟು ಹತ್ತಿದಳು. "ನೋಡುವವರು ನೋಡಲಿ. ಬಿದ್ದರೆ ಎತ್ತಲು ಅವರೇನು ಬರುವುದಿಲ್ಲ" ಎಂದಳು.

ಈ ಪಿನ್ನಿನ ವಿಷಯ ಸಹೋದರಿಯರು ಗಮನಿಸಬೇಕು. ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡುವ ಜಾಗ, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದೆ ಮುಚ್ಚುವ ರಕ್ಷಣೆ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ, 123ನೆಯ ನಿಯಮದಲ್ಲಿ, ಹೇಳಿದೆ. ಚೆಂದ ಕಾಣುವುದಿಲ್ಲವೆಂದು ಎಷ್ಟೋ ಹುಡುಗರು ಅದನ್ನು ಬಿಚ್ಚಿಸಿಬಿಡುತ್ತಾರೆ. ಬುರ್ಖಾ, ದುಪಟ್ಟಾ, ಸೀರೆಯ ಸೆರಗು ಚಕ್ರಕ್ಕೆ ಹೋದರೆ ಎಳೆದುಕೊಳ್ಳಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಹಿಂದೆ ಕುಳಿತವರಿಗೆ ಹೆಲ್ಮೆಟ್ಟೂ ಕಡ್ಡಾಯ. ನಮ್ಮ ರಾಜ್ಯದಲ್ಲಿ 2016ರಿಂದ ಇದನ್ನು ಜಾರಿಗೆ ತಂದಿದ್ದರೂ ಊರುಗಳಲ್ಲಿ ಹೆಂಗಸರ ತಲೆಗೆ ಅದು ಇನ್ನೂ ಬಂದಿಲ್ಲ.

ನೂರೈವತ್ತಕ್ಕೂ ಹೆಚ್ಚು ಕಿಲೋಮೀಟರ್ ಹೆದ್ದಾರಿಯಲ್ಲಿ ಬೀಳದವನು ನನ್ನ ಮನೆಯ ಹತ್ತಿರ ಬಿದ್ದೆ.

ದೊಡ್ಡ ರಸ್ತೆಯಿಂದ ನಮ್ಮ ಓಣಿಗೆ ತಿರುಗುವಲ್ಲಿ ಸ್ವಲ್ಪ ಇಳಿಜಾರು, ಜಲ್ಲಿ. ನಡೆಯುವ ವೇಗದಲ್ಲಿದ್ದೆ. ಹ್ಯಾಂಡಲ್ ಎಡಕ್ಕೆ ಪೂರ್ತಿ ತಿರುಗಿತ್ತು. ಎದುರಿಗೆ ಒಂದು ಮೇಕೆ ಬಂತು, ನಾನು ಮುಂದಿನ ಬ್ರೇಕು ಹಿಡಿದೆ. ಸ್ಪ್ಲೆಂಡರಿನಲ್ಲಿ ಸಾವಿರ ಸಲ ಹೀಗೆ ಮಾಡಿದ್ದೇನೆ. ಅದು ವಾಲಿದರೆ ಕಾಲು ಕೊಟ್ಟು ನಿಲ್ಲಿಸುತ್ತೇನೆ. ಇದು ವಾಲಿತು, ಕಾಲು ಕೊಟ್ಟೆ, ಕಾಲು ಜಲ್ಲಿಯಲ್ಲಿ ಜಾರಿತು. ಗಾಡಿಯ ಮೇಲೆ ನಾವಿಬ್ಬರು ಬೇರೆ. ಅಷ್ಟು ಭಾರ ಒಂದು ಸಲ ನೇರದಿಂದ ತಪ್ಪಿದರೆ ಮನುಷ್ಯನ ಕಾಲು ಹಿಡಿಯಲಾರದು. ನಿಧಾನವಾಗಿ, ಎಮ್ಮೆ ಮಲಗಿದಂತೆ ಮಲಗಿತು. ಲೆಗ್ ಗಾರ್ಡ್ ಇದ್ದುದರಿಂದ ನನ್ನ ಕಾಲು ಉಳಿಯಿತು. ಬಿಸಿ ಸೈಲೆನ್ಸರು ಇದ್ದದ್ದು ಬಲಗಡೆ, ಅಲ್‌ಹಮ್ದುಲಿಲ್ಲಾಹ್, ನಾವು ಬಿದ್ದದ್ದು ಎಡಕ್ಕೆ.

ಮಡದಿಯ ಮೊಣಕಾಲು ತರಚಿತ್ತು, ಬುರ್ಖಾ ಹರಿದಿತ್ತು. ತೋಟದ ಕಡೆಯಿಂದ ಇಬ್ಬರು ಹುಡುಗರು ಓಡಿಬಂದು ಗಾಡಿ ಎತ್ತಿದರು. "ಎತ್ತಲು ಬಂದರಲ್ಲ" ಎಂದೆ. ಅವಳು ನಗಲಿಲ್ಲ.

ಗಾಡಿಗೆ ಕ್ಲಚ್ಚಿನ ಹಿಡಿಕೆ ಬಾಗಿತ್ತು, ಗಾರ್ಡಿನ ಮೇಲೆ ಗೀರು. ಠೇವಣಿ ಮಗನ ದುಡ್ಡು. ಹೇಳದೆ ಇರುವಂತಿರಲಿಲ್ಲ, ಆದರೆ ಹೇಗೆ ಹೇಳುವುದೆಂದು ಅಸರ್‌ನಿಂದ ಮಗ್ರಿಬ್‌ವರೆಗೆ ಯೋಚಿಸಿದೆ. ನಾಯಿ ಅಡ್ಡ ಬಂತು ಎನ್ನಲೇ? ಯಾರೋ ತಾಗಿಸಿದರು ಎನ್ನಲೇ? ಇವೆಲ್ಲ ನನ್ನ ತಲೆಗೆ ಬಂದವು ಎಂದು ಬರೆಯಲು ನಾಚಿಕೆಯಾಗುತ್ತದೆ. ಕೊನೆಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, "ನಾನು ಬೀಳಿಸಿದೆ. ನನ್ನದೇ ತಪ್ಪು" ಎಂದೆ.

"ಅಮ್ಮಿ?" ಎಂದ. ಚೆನ್ನಾಗಿದ್ದಾಳೆ ಎಂದೆ. ಆಮೇಲೆ ಎಷ್ಟೋ ಹೊತ್ತು ಆ ಕಡೆಯಿಂದ ಮಾತಿಲ್ಲ. ಲೈನು ಕಟ್ಟಾಯಿತೇ ಎಂದುಕೊಳ್ಳುವಷ್ಟರಲ್ಲಿ ಅವನು ಹೇಳಿದ. "ಅಬ್ಬಾ, ನನ್ನ ಮೊಣಕೈಯ ಗಾಯ ಮಷೀನಿನದ್ದಲ್ಲ. ಹೋದ ವರ್ಷ ನಾವು ನಾಲ್ಕು ಜನ ಇಂಥದ್ದೇ ಬೈಕು ಬಾಡಿಗೆಗೆ ತೆಗೆದುಕೊಂಡು ಚಿಕ್ಕಮಗಳೂರಿಗೆ ಹೋಗಿದ್ದೆವು. ತಿರುವಿನಲ್ಲಿ ಜಲ್ಲಿ ಇತ್ತು. ಅಮ್ಮಿಗೆ ಹೇಗೆ ಹೇಳಲಿ?"

ಅವನ ಅಮ್ಮಿ ನನ್ನ ಪಕ್ಕದಲ್ಲೇ ಮೊಣಕಾಲಿಗೆ ಅರಿಶಿನ ಹಚ್ಚಿಕೊಳ್ಳುತ್ತಿದ್ದಳು. ಕಾರ್ಖಾನೆಯ ಗಾಯ ಎಂದು ಆರು ತಿಂಗಳು ಪ್ರತಿ ದುಆದಲ್ಲಿ ಆ ಮಷೀನಿನಿಂದ ಮಗನನ್ನು ಕಾಪಾಡೆಂದು ಬೇಡಿದವಳು. "ಬಂದಾಗ ತೋರಿಸು" ಎಂದಷ್ಟೇ ಹೇಳಿ ಎದ್ದು ಒಳಗೆ ಹೋದಳು. ಆ ರಾತ್ರಿ ನನ್ನೊಂದಿಗೂ ಮಾತನಾಡಲಿಲ್ಲ.

ಮರುದಿನ ರಜೆಯಲ್ಲಿ ಖಾಲಿ ಇದ್ದ ಶಾಲೆಯ ಮೈದಾನಕ್ಕೆ ಗಾಡಿ ಒಯ್ದು ಒಂದು ಗಂಟೆ ನಿಧಾನವಾಗಿ ಎಂಟರ ಅಂಕಿ ಬಿಡಿಸಿದೆ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕು ಮುಟ್ಟಬಾರದು, ಹಿಂದಿನದನ್ನು ಹಗುರವಾಗಿ ತುಳಿಯಬೇಕು, ಕ್ಲಚ್ಚನ್ನು ಅರ್ಧ ಹಿಡಿದು ಎಂಜಿನ್ನಿನ ಎಳೆತ ಬಿಡದಂತೆ ನೋಡಿಕೊಳ್ಳಬೇಕು, ಕಣ್ಣು ಚಕ್ರದ ಮುಂದೆ ಅಲ್ಲ, ಹೋಗಬೇಕಾದ ಕಡೆ ಇರಬೇಕು. ಇದನ್ನೆಲ್ಲ ಮಗ ಫೋನಿನಲ್ಲಿ ಹೇಳುತ್ತಿದ್ದ, ನಾನು ಕೇಳುತ್ತಿದ್ದೆ. ಮಕ್ತಬ್‌ನ ಮಕ್ಕಳು ಗೋಡೆಯ ಮೇಲೆ ಸಾಲಾಗಿ ಕುಳಿತು ಉಸ್ತಾದರು ಕಲಿಯುವುದನ್ನು ನೋಡುತ್ತಿದ್ದರು. ಮನೆಗೆ ಬಂದು ಇಳಿಜಾರಿನಲ್ಲಿ ಮೂತಿ ಗೋಡೆಗೆ ಮಾಡಿ ನಿಲ್ಲಿಸಿ ಇನ್ನೊಂದು ಪಾಠ ಕಲಿತೆ. ಇಂಥ ಗಾಡಿಯನ್ನು ಏರಿಗೆ ಹಿಂದಕ್ಕೆ ಎಳೆಯಲು ಮೂರು ಜನ ಬೇಕು.

ಮಂಗಳವಾರ ಗಾಡಿ ಹಿಂದಿರುಗಿಸಿದೆ. ಹಿಡಿಕೆಗೂ ಗೀರಿಗೂ ಸೇರಿ ಸಾವಿರದ ಐನೂರು ಹಿಡಿದುಕೊಂಡರು. ನ್ಯಾಯವಾದದ್ದೇ. ಅದನ್ನು ಮಗನ ಕೈಗೆ ಕೊಟ್ಟೆ.

ಅವನು ಮುಂದಿನ ಸಲ ಊರಿಗೆ ಬಂದಾಗ ಮಡದಿ ಮೊದಲು ತೋಳು ಮಡಚಿಸಿ ಗಾಯದ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಬೈಯಲಿಲ್ಲ. ಚಹಾ ಕೊಟ್ಟ ಮೇಲೆ ತನ್ನ ಮಾತು ಹೇಳಿದಳು. ಕಂತಿನ ಸಾಲ ಬೇಡ, ದುಡ್ಡು ಕೂಡಿಸು, ಕೂಡಿದ ದಿನ ನಾನು ತಡೆಯುವುದಿಲ್ಲ. ಆದರೆ ಮಗ್ರಿಬ್ ಆದ ಮೇಲೆ ಹೆದ್ದಾರಿಗೆ ಇಳಿಯುವುದಿಲ್ಲವೆಂದು ನನಗೆ ಮಾತು ಕೊಡು. ಬಿದ್ದರೆ ನನಗೆ ಹೇಳು. ಅವನು ಎರಡಕ್ಕೂ ಒಪ್ಪಿದ. ಈಗ ತಿಂಗಳಿಗೆ ಐದು ಸಾವಿರ ಅವಳ ಖಾತೆಗೇ ಹಾಕುತ್ತಿದ್ದಾನೆ. ಅವನ ಲೆಕ್ಕದಲ್ಲಿ ಮೂರು ವರ್ಷ ಬೇಕು. ಇನ್‌ಶಾ ಅಲ್ಲಾಹ್.

ರಜೆ ಮುಗಿದು ಶಾಲೆಗೆ ಹೊರಟ ಮೊದಲ ದಿನ ಸ್ಪ್ಲೆಂಡರ್ ತೆಗೆದೆ. ಆಟದ ಸಾಮಾನಿನ ಹಾಗೆ ಹಗುರವಾಗಿತ್ತು. ಓಣಿಯ ತಿರುವು ದಾಟಿ ಗೇರು ಏರಿಸಲೆಂದು ಹಿಮ್ಮಡಿಯಿಂದ ಹಿಂದಕ್ಕೆ ತುಳಿದೆ. ಗಾಡಿ ಜಗ್ಗಿತು. ಗೇಟಿನಲ್ಲಿ ನಿಂತಿದ್ದ ಮಡದಿ ಅಲ್ಲಿಂದಲೇ ಕೂಗಿದಳು, "ಏನ್ರೀ, ಅದು ನಮ್ಮ ಗಾಡಿ!"