ಈಜಿಪ್ತಿನಲ್ಲಿ ನೆನಪಾದ ಕಾಗದಗಳು

ಈಜಿಪ್ತಿನಿಂದ ಮರಳಿದ ಮೇಲೆ ಶಿರಿಯದಲ್ಲಿ ಎದುರಾದವರೆಲ್ಲ ಕೇಳುವುದು ಒಂದೇ ಮಾತು: "ಮಾಷ್ಟ್ರೇ, ಪಿರಮಿಡ್ ಹೇಗಿತ್ತು?" ದೊಡ್ಡದಿತ್ತು ಎಂದು ಹೇಳಿ ನಕ್ಕು ಮುಂದೆ ಹೋಗುತ್ತೇನೆ. ಸುಳ್ಳಲ್ಲ. ಖುಫು ಎಂಬ ಅರಸನಿಗಾಗಿ ಸುಮಾರು 4,500 ವರ್ಷಗಳ ಹಿಂದೆ 146 ಮೀಟರ್ ಎತ್ತರಕ್ಕೆ ಪೇರಿಸಿದ ಕಲ್ಲುಗಳ ಬುಡದಲ್ಲಿ ನಿಂತರೆ ಯಾರಿಗಾದರೂ ಬಾಯಿ ಕಟ್ಟುತ್ತದೆ. ಆದರೆ ಊರಿಗೆ ಬಂದ ಮೇಲೂ ನನ್ನ ನಿದ್ದೆ ಕೆಡಿಸಿದ್ದು ಕಾಗದದ ವಿಚಾರ. ಅದನ್ನು ದಾರಿಯಲ್ಲಿ ನಿಂತು ಹೇಳಿ ಮುಗಿಸಲಾಗದು. ಅದಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಣ್ಣ 1979ರಲ್ಲಿ ಕುವೈತಿಗೆ ಹೋದ. ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಒಂದೇ ಕೋಣೆಯಲ್ಲಿ ಆರು ಮಂದಿ. ಅವರಲ್ಲಿ ನಮ್ಮ ನೆರೆಮನೆಯವರೂ ಒಬ್ಬರು. ಅವರ ಮನೆಮಾತು ಮಲಯಾಳ, ಓದು ಬರಹ ಬಾರದು. ಶುಕ್ರವಾರ ರಜೆಯ ದಿನ ಅವರು ಹೇಳುತ್ತಿದ್ದರು, ಅಣ್ಣ ಬರೆಯುತ್ತಿದ್ದ. ಅಣ್ಣನಿಗೆ ಮಲಯಾಳ ಮಾತು ಚೆನ್ನಾಗಿ ಬರುತ್ತಿತ್ತು, ಆದರೆ ಕಲಿತದ್ದು ಕನ್ನಡ ಶಾಲೆಯಲ್ಲಿ. ಮಲಯಾಳ ಲಿಪಿ ಬಾರದು. ಹಾಗಾಗಿ ಅವರ ಮಲಯಾಳವನ್ನು ಕನ್ನಡ ಅಕ್ಷರಗಳಲ್ಲೇ ಬರೆದು ಕಳುಹಿಸುತ್ತಿದ್ದ. "ಈಡ ಎನಕ್ಕ್ ಸುಖಂ ತನ್ನೆ" ಎಂದು ಪ್ರತಿ ಕಾಗದ ಶುರುವಾಗುತ್ತಿತ್ತು. ಅಂಚೆಯವನು ಬಂದು ಹೋದೊಡನೆ ಅವರ ಹೆಂಡತಿ ಕಾಗದ ಹಿಡಿದು ನಮ್ಮ ಜಗಲಿಗೆ ಬರುತ್ತಿದ್ದರು. ಓದಿ ಹೇಳುವವನು ನಾನು. ಒಮ್ಮೆ ಓದಿದರೆ ಸಾಲದು. "ಮಾಷೇ, ಒಂದು ಸಲ ಕೂಡ" ಎನ್ನುತ್ತಿದ್ದರು. ಆಗ ನಮ್ಮ ಕರಾವಳಿಯ ಟೇಪ್ ರೆಕಾರ್ಡರುಗಳಲ್ಲಿ ಎಸ್. ಎ. ಜಮೀಲರ 'ದುಬಾಯಿ ಕತ್ತ್ ಪಾಟ್ಟ್' ಹಾಡದ ದಿನವಿರಲಿಲ್ಲ. ಹಾಡಿನಲ್ಲಿದ್ದ ವಿರಹ ನಮ್ಮ ಜಗಲಿಯಲ್ಲಿ ತಲೆಯ ಮೇಲೆ ಸೆರಗು ಹೊದ್ದು ಕೂತಿರುತ್ತಿತ್ತು.

ನಮ್ಮ ಮನೆಗೆ ಬರುತ್ತಿದ್ದ ಕಾಗದಗಳು ಕನ್ನಡದವು. ಅಮ್ಮ ಅವನ್ನೆಲ್ಲ ಒಂದು ಕಬ್ಬಿಣದ ಟ್ರಂಕಿನಲ್ಲಿ ತುಂಬಿಸಿಡುತ್ತಿದ್ದಳು.

1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಅಣ್ಣ ಬಸ್ಸಿನಲ್ಲಿ ಬಾಗ್ದಾದಿಗೆ, ಅಲ್ಲಿಂದ ಮರುಭೂಮಿ ದಾಟಿ ಜೋರ್ಡಾನಿಗೆ ಬಂದು, ಅಮ್ಮಾನಿನಿಂದ ವಿಮಾನ ಹತ್ತಿದ. ಆ ಎರಡು ತಿಂಗಳಲ್ಲಿ ಹಾಗೆ ಮರಳಿದ ಭಾರತೀಯರು ಸುಮಾರು 1,70,000 ಮಂದಿ. ಬಾಬಿಲೋನಿನ ನಾಡನ್ನು ಕಣ್ಣಾರೆ ಕಂಡೆಯಲ್ಲ ಎಂದು ನಾನು ಮಾಷ್ಟ್ರ ಬುದ್ಧಿಯಿಂದ ಕೇಳಿದ್ದೆ. "ನಾನು ಕಂಡದ್ದು ಮುಂದಿನವನ ಕೈಯಲ್ಲಿದ್ದ ನೀರಿನ ಬಾಟ್ಲಿ ಮಾತ್ರ" ಎಂದಿದ್ದ. ಹನ್ನೊಂದು ವರ್ಷ ಅರಬರ ನಾಡಿನಲ್ಲಿದ್ದವನು ಅಲ್ಲಿನ ಒಂದು ಹಳೆಯ ಕಲ್ಲನ್ನೂ ನೋಡದೆ 2009ರಲ್ಲಿ ತೀರಿಕೊಂಡ.

ಅಣ್ಣನ ಮಗ ಈಗ ದುಬಾಯಿಯಲ್ಲಿದ್ದಾನೆ. "ಅಪ್ಪನಿಗೆ ಏನೂ ತೋರಿಸಲಿಕ್ಕೆ ಆಗಲಿಲ್ಲ. ಚಿಕ್ಕಪ್ಪ, ನೀವಾದರೂ ಬನ್ನಿ" ಎಂದು 2024ರ ಫೆಬ್ರವರಿಯಲ್ಲಿ ನನ್ನನ್ನು ಕೈರೋಗೆ ಕರೆಸಿಕೊಂಡ. ಎಲ್ಲಿಗೆ ಹೋಗೋಣ ಎಂದು ಕೇಳಿದಾಗ ನಾನು ಅಲ್-ಬಹ್ನಸಾ ಎಂದೆ. ಅವನು ಆ ಹೆಸರನ್ನೇ ಕೇಳಿರಲಿಲ್ಲ.

ಅಲ್-ಬಹ್ನಸಾ ಕೈರೋದಿಂದ ದಕ್ಷಿಣಕ್ಕೆ ಸುಮಾರು 160 ಕಿಲೋಮೀಟರ್ ದೂರದ ಊರು. ಗ್ರೀಕರ ಕಾಲದಲ್ಲಿ ಅದು ಆಕ್ಸಿರಿಂಕಸ್ ಎಂಬ ಪಟ್ಟಣ. ಪಟ್ಟಣದವರು ಶತಮಾನಗಳ ಕಾಲ ಕಸ ಎಸೆದ ದಿಬ್ಬಗಳನ್ನು 1896ರ ಚಳಿಗಾಲದಿಂದ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಇಂಗ್ಲಿಷ್ ವಿದ್ವಾಂಸರು ಅಗೆಸಿದರು. ಮಳೆಯೇ ಇಲ್ಲದ ಆ ಮರಳಿನಲ್ಲಿ ಪಪೈರಸ್ ಹಾಳೆಗಳು ಲಕ್ಷಗಟ್ಟಲೆ ಉಳಿದುಕೊಂಡಿದ್ದವು. 1903ರಲ್ಲಿ ಅವರು ಪ್ರಕಟಿಸಿದ 413ನೆಯ ಸಂಖ್ಯೆಯ ಹಾಳೆಯಲ್ಲಿ ಒಂದು ಗ್ರೀಕ್ ಪ್ರಹಸನವಿತ್ತು. ಭಾರತದ ಕಡಲತೀರದ ಅರಸನೊಬ್ಬನ ವಶದಲ್ಲಿದ್ದ ಗ್ರೀಕ್ ಹೆಣ್ಣನ್ನು ಅವಳ ಅಣ್ಣ ಬಂದು, ಅರಸನಿಗೆ ಮದ್ಯ ಕುಡಿಸಿ, ಹಡಗಿನಲ್ಲಿ ಬಿಡಿಸಿಕೊಂಡು ಹೋಗುವ ಕಥೆ. ಅರಸನೂ ಅವನ ಜನರೂ ಆಡುವ ಮಾತು ಗ್ರೀಕ್ ಅಲ್ಲ. ಗ್ರೀಕ್ ಅಕ್ಷರಗಳಲ್ಲಿ ಬರೆದ ಬೇರೆ ಯಾವುದೋ ಮಾತು. ಅದು ಕನ್ನಡ ಎಂದು ಜರ್ಮನ್ ವಿದ್ವಾಂಸ ಹುಲ್ಟ್ಸ್ 1904ರಲ್ಲಿ ಬರೆದರು. ಆರ್. ಶಾಮಶಾಸ್ತ್ರಿಗಳೂ ನಮ್ಮ ಮಂಜೇಶ್ವರದ ಗೋವಿಂದ ಪೈಗಳೂ ಆ ಮಾತುಗಳ ಬೆನ್ನು ಹತ್ತಿದರು. ತುಳು ಎಂದವರಿದ್ದಾರೆ, ಎರಡೂ ಅಲ್ಲ, ಬರೀ ನಗೆಗಾಗಿ ಮಾಡಿದ ಸದ್ದು ಎಂದವರೂ ಇದ್ದಾರೆ. ಶಿರಿಯದಿಂದ ಉತ್ತರಕ್ಕೆ ಉಪ್ಪಳ ದಾಟಿದರೆ ಮಂಜೇಶ್ವರ. ಅಲ್ಲಿ ಪೈಗಳ ಮನೆಯ ಮುಂದೆ ನಿಂತಾಗಲೆಲ್ಲ ಈ ಕಸದ ದಿಬ್ಬವನ್ನು ಒಮ್ಮೆ ನೋಡಬೇಕೆಂದು ನನಗೆ ಅನಿಸುತ್ತಿತ್ತು.

ನೋಡಲು ಅಲ್ಲಿ ಏನೂ ಇರಲಿಲ್ಲ. ಮರಳು, ಮಡಕೆ ಚೂರು, ಅದರಾಚೆ ಗೋರಿಗಳ ಬಿಳಿ ಗುಮ್ಮಟಗಳು. ಪ್ರವಾದಿಯವರ ಅನುಚರರಾಗಿದ್ದವರನ್ನು ಇಲ್ಲಿ ಮಣ್ಣು ಮಾಡಿದ್ದಾರೆಂಬ ನಂಬಿಕೆಯಿಂದ ಜನ ದೂರದೂರದಿಂದ ಬರುತ್ತಾರೆ. ನಮ್ಮ ಕಾರಿನ ಚಾಲಕ ಅಲ್ಲಿಗೆ ಹೋಗಿ ಕೈಯೆತ್ತಿ ಪ್ರಾರ್ಥಿಸಿ ಬಂದ. ನಾನು ದಿಬ್ಬದ ಬಳಿ ಬಾಗಿ ಒಂದು ಹಿಡಿ ಮರಳು ತೆಗೆದು ನೋಡಿ ಅಲ್ಲಿಯೇ ಸುರಿದೆ. ಅಂಗೈಯಲ್ಲಿ ತೇವ ಎಂಬುದೇ ಇರಲಿಲ್ಲ.

ಮರುದಿನ ಹಳೆಯ ಕೈರೋ. ಆಫ್ರಿಕಾ ಖಂಡದ ಮೊದಲ ಮಸೀದಿ ಎನ್ನಲಾಗುವ, ಏಳನೆಯ ಶತಮಾನದಲ್ಲಿ ಸ್ಥಾಪನೆಯಾದ ಅಮ್ರ್ ಮಸೀದಿ, ರೋಮನ್ ಕೋಟೆಬಾಗಿಲಿನ ಮೇಲೆ ಕಟ್ಟಿದ ಕೋಪ್ಟಿಕ್ ಕ್ರೈಸ್ತರ 'ತೂಗು ಇಗರ್ಜಿ', ಬಾಲಯೇಸುವಿನೊಂದಿಗೆ ಮೇರಿ ಮಾತೆ ಆಶ್ರಯ ಪಡೆದಳೆಂದು ಹೇಳುವ ನೆಲಮಾಳಿಗೆಯ ಇಗರ್ಜಿ, ಯೆಹೂದ್ಯರ ಬೆನ್ ಎಜ್ರಾ ಪ್ರಾರ್ಥನಾ ಮಂದಿರ, ಎಲ್ಲವೂ ಒಂದು ಬೆಳಗ್ಗೆ ನಡೆದು ನೋಡಿ ಮುಗಿಸುವಷ್ಟು ಹತ್ತಿರ. ದೇವಸ್ಥಾನದ ಗಂಟೆ, ಇಗರ್ಜಿಯ ಗಂಟೆ, ಬಾಂಗು ಮೂರನ್ನೂ ಕೇಳುತ್ತಾ ಬೆಳೆದ ನನಗೆ ಅದು ಪರದೇಶ ಎನಿಸಲಿಲ್ಲ.

ಬೆನ್ ಎಜ್ರಾ ಮಂದಿರದ ದುರಸ್ತಿ ಮುಗಿದು 2023ರಲ್ಲಿ ಮತ್ತೆ ತೆರೆದಿದ್ದರು. ದೇವರ ಹೆಸರಿರುವ ಹಾಳೆಯನ್ನು ನಾಶ ಮಾಡಬಾರದೆಂದು ಯೆಹೂದ್ಯರಲ್ಲಿ ನಿಯಮ. ಅದಕ್ಕಾಗಿ ಇದ್ದ ಗೆನಿಜಾ ಎಂಬ ಕೋಣೆಯಲ್ಲಿ ಅವರು ಧರ್ಮಗ್ರಂಥದ ಜತೆಗೆ ವ್ಯಾಪಾರದ ಪತ್ರ, ಸಾಲದ ಚೀಟಿ, ಮನೆಯ ಲೆಕ್ಕ ಎಲ್ಲವನ್ನೂ ಹಾಕುತ್ತಾ ಬಂದರು. 1896-97ರಲ್ಲಿ ಸೊಲೊಮನ್ ಶೆಕ್ಟರ್ ಅಲ್ಲಿಂದ ಕೇಂಬ್ರಿಜ್‌ಗೆ ಒಯ್ದ ಹಾಳೆ ಮತ್ತು ತುಣುಕುಗಳೇ 1,90,000ಕ್ಕೂ ಹೆಚ್ಚು.

ಆ ರಾಶಿಯಲ್ಲಿ ನಮ್ಮ ಮಂಗಳೂರೂ ಇತ್ತು. ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿ ಸುಮಾರು 1132ರಿಂದ 1149ರ ವರೆಗೆ ನಮ್ಮ ಕರಾವಳಿಯಲ್ಲಿದ್ದ. ಆಶು ಎಂಬ ಇಲ್ಲಿಯ ಹೆಣ್ಣನ್ನು ಮದುವೆಯಾಗಿದ್ದ. ಮೆಣಸು, ಅಡಿಕೆ, ಕಬ್ಬಿಣ, ಕಂಚಿನ ಸಾಮಾನು ಇಲ್ಲಿಂದ ಏಡನ್ನಿಗೆ ಹೋಗುತ್ತಿತ್ತು. ಅಲ್ಲಿಂದ ಬರುತ್ತಿದ್ದ ಸಾಮಾನುಗಳಲ್ಲಿ ಬಿಳಿ ಕಾಗದವೂ ಒಂದು, ಯಾಕೆಂದರೆ ಇಲ್ಲಿ ಅದು ಸಿಗುತ್ತಿರಲಿಲ್ಲ. ಬಂದ ಪತ್ರದ ಬೆನ್ನಿನಲ್ಲೇ ಆತ ತನ್ನ ಲೆಕ್ಕ ಬರೆದುಕೊಳ್ಳುತ್ತಿದ್ದ. ಆತನಿಗಾಗಿ ಏಡನ್ನಿಗೆ ಹೋಗಿಬರುತ್ತಿದ್ದ ಆಳೊಬ್ಬನಿಗೆ ಅಲ್ಲಿಯ ವ್ಯಾಪಾರಿ 1148ರ ಪತ್ರದಲ್ಲಿ ಪ್ರತ್ಯೇಕವಾಗಿ ಸಲಾಮು ಹೇಳಿದ್ದಾನೆ. ಅಮಿತಾವ್ ಘೋಷ್ ಈ ಆಳಿನ ಜಾಡು ಹಿಡಿದು ಮಂಗಳೂರಿಗೂ ಬಂದು, ಪ್ರೊ. ಬಿ. ಎ. ವಿವೇಕ ರೈಗಳ ನೆರವಿನಿಂದ ಆ ಹೆಸರನ್ನು 'ಬೊಮ್ಮ' ಎಂದು ಓದಿ, 1992ರಲ್ಲಿ ಪುಸ್ತಕ ಬರೆದರು. ಆ ಪತ್ರಗಳ ಭಾಷೆ ಅರಬಿ, ಅಕ್ಷರ ಮಾತ್ರ ಹೀಬ್ರೂ.

ಇದನ್ನೆಲ್ಲ ಅಣ್ಣನ ಮಗನಿಗೆ ಹೇಳುತ್ತಾ ನಾನು ಪಾಠದ ಹುರುಪಿನಲ್ಲಿದ್ದೆ. ಅರಬಿ ಮಾತು, ಹೀಬ್ರೂ ಅಕ್ಷರ. ಬಹ್ನಸಾದಲ್ಲಿ ನಮ್ಮ ಕಡೆಯ ಮಾತು, ಗ್ರೀಕ್ ಅಕ್ಷರ. ನಿನ್ನ ಅಪ್ಪ ನೆರೆಮನೆಗೆ ಬರೆಯುತ್ತಿದ್ದದ್ದು ಮಲಯಾಳ, ಅಕ್ಷರ ಕನ್ನಡ, ಎಂದೆ. ಅವನು ಕಾಸರಗೋಡಿನಲ್ಲಿ ಮಲಯಾಳ ಮಾಧ್ಯಮದಲ್ಲಿ ಕಲಿತವನು. ಕನ್ನಡ ಮಾತಾಡುತ್ತಾನೆ, ಓದಲು ಬಾರದು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ:

"ಚಿಕ್ಕಪ್ಪ, ಅಪ್ಪ ನಮ್ಮ ಮನೆಗೆ ಬರೆದ ಕಾಗದಗಳು ಎಲ್ಲಿವೆ?"

ಹೇಳಬೇಕಾಯಿತು. 2011ರಲ್ಲಿ ನಾನು ಶಾಲೆಯಿಂದ ನಿವೃತ್ತನಾದೆ. ಅದೇ ವರ್ಷ ಹಂಚಿನ ಮನೆ ಕೆಡವಿ ಟೆರೇಸಿನ ಮನೆ ಕಟ್ಟಿಸಿದೆವು. ಅಮ್ಮ ಆಗ ಇರಲಿಲ್ಲ. ಟ್ರಂಕಿನ ತಳ ತುಕ್ಕು ಹಿಡಿದು, ಕೆಳಗಿನ ಕಾಗದಗಳಿಗೆ ಗೆದ್ದಲು ಹತ್ತಿತ್ತು. ಮೇಲಿನವು ಚೆನ್ನಾಗಿಯೇ ಇದ್ದವು. ಆರಿಸಿ ತೆಗೆಯಬಹುದಿತ್ತು. ಕೆಲಸದವರು ಅವಸರ ಮಾಡುತ್ತಿದ್ದರು. ಮೂರು ದಿನ ಬಚ್ಚಲ ಒಲೆಗೆ ಹಾಕಿದೆ. ಸ್ನಾನದ ನೀರು ಕಾದಿತು. ಮೂವತ್ತು ವರ್ಷ ಕನ್ನಡ ಕಲಿಸಿದವನು ನಾನು, ನನ್ನ ಮನೆಯಲ್ಲಿದ್ದ ಹನ್ನೊಂದು ವರ್ಷಗಳ ಕನ್ನಡವನ್ನು ನನ್ನ ಕೈಯಾರೆ ಸುಟ್ಟೆ.

ಅವನು ಏನೂ ಅನ್ನಲಿಲ್ಲ. ಹೊರಗೆ ಬಂದು ನನಗೊಂದು ನೀರಿನ ಬಾಟ್ಲಿ ತೆಗೆದುಕೊಟ್ಟ. ರಾತ್ರಿ ದೀಪ ಆರಿಸಿದ ಮೇಲೆ ಕೇಳಿದ: "ಅದರಲ್ಲಿ ನನ್ನ ಬಗ್ಗೆ ಬರೆದದ್ದಿತ್ತಾ?" ಇತ್ತು, ನೀನು ಹುಟ್ಟಿದ ಮೇಲೆ ಪ್ರತಿಯೊಂದರಲ್ಲೂ ಇತ್ತು ಎಂದೆ. ಏನೆಂದು ಎಂದು ಅವನು ಕೇಳಲಿಲ್ಲ. ಕೇಳಿದ್ದರೆ, ಅಣ್ಣ ಬರೆದ ಹಾಗೆಯೇ ಒಂದು ವಾಕ್ಯವನ್ನಾದರೂ ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ಊರಿಗೆ ಬಂದ ವಾರದಲ್ಲಿ ನೆರೆಮನೆಗೆ ಖರ್ಜೂರ ಕೊಡಲು ಹೋದೆ. ಆಕೆಯ ಗಂಡ ತೀರಿಕೊಂಡು ಬಹಳ ಕಾಲವಾಗಿದೆ. ನಾಚಿಕೆ ಬಿಟ್ಟು ಕೇಳಿದೆ, ಆ ಕಾಲದ ಕಾಗದ ಒಂದಾದರೂ ಇದೆಯೇ ಎಂದು. "ಅದು ಎಲ್ಲಿಗೆ ಹೋಗ್ತದೆ ಮಾಷೇ?" ಎಂದು ಆಕೆ ಕಪಾಟಿನಿಂದ ಒಂದು ಬಿಸ್ಕತ್ ಡಬ್ಬಿ ತಂದರು. ಒಳಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ 23 ಕಾಗದಗಳು. ಆಕೆಗೆ ಓದಲು ಬಾರದು. ಮಕ್ಕಳು ಮೊಮ್ಮಕ್ಕಳಿಗೆ ಮಲಯಾಳ ಓದಲು ಬರುತ್ತದೆ, ಈ ಅಕ್ಷರ ಬಾರದು. ಆ ಮನೆಯಲ್ಲಿ ಯಾರಿಗೂ ಓದಲಾಗದ ಕಾಗದಗಳು ಅಷ್ಟು ಮಳೆಗಾಲ ದಾಟಿ ಬಂದಿದ್ದವು. ಅಷ್ಟೂ ಅಣ್ಣನ ಕೈಬರಹ.

1985ರ ಒಂದು ಕಾಗದದ ಕೊನೆಗೆ, ತೆಂಗಿನಕಾಯಿಯ ಹಣ, ಮಗಳ ಜ್ವರ ಎಲ್ಲ ಮುಗಿದ ಮೇಲೆ, ನೆರೆಮನೆಯವರು ಹೇಳಿ ಬರೆಸಿದ ಎರಡು ಸಾಲು ಇದ್ದವು. ಈ ಕಾಗದ ಬರೆಯುವವನಿಗೆ ಊರಿನಲ್ಲಿ ಗಂಡು ಮಗು ಹುಟ್ಟಿದೆ. ನಿನ್ನೆ ಕೋಣೆಯಲ್ಲಿ ಎಲ್ಲರಿಗೂ ಪಾಯಸ ಮಾಡಿದ, ಮತ್ತೆ ಹೊರಗೆ ಹೋಗಿ ಒಬ್ಬನೇ ನಿಂತು ಅತ್ತ.

ಅದೇ ಜಗಲಿಯಿಂದ ದುಬಾಯಿಗೆ ಫೋನು ಮಾಡಿದೆ. ಕಾಗದವನ್ನು ಕ್ಯಾಮರಾದ ಎದುರು ಹಿಡಿದು, ಕನ್ನಡ ಅಕ್ಷರಗಳ ಮೇಲೆ ಬೆರಳಿಟ್ಟು, ಮಲಯಾಳದಲ್ಲಿ ಓದಿದೆ. ಆಕೆ ಬಾಗಿಲಿಗೆ ಒರಗಿ ಕೇಳುತ್ತಿದ್ದರು. ಆಚೆ ಕಡೆಯಿಂದ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ಆಮೇಲೆ ಅವನು, "ಚಿಕ್ಕಪ್ಪ, ಒಂದು ಸಲ ಕೂಡ" ಎಂದ.

ನಾನು ಕನ್ನಡಕ ಒರೆಸಿಕೊಂಡು ಮೊದಲಿನಿಂದ ಓದಿದೆ.