ಹರಿಯಬ್ಬೆಯ ಮನೆಮಾತು, ಶಾಲೆಮಾತು

ಮಂಗಳೂರಿನಿಂದ ರಾತ್ರಿಯಿಡೀ ಮಳೆಯಲ್ಲಿ ನೆನೆಯುತ್ತಾ ಬಂದ ಬಸ್ಸು ಹಿರಿಯೂರು ತಲುಪುವಾಗ ಅದರ ಮೈ ಪೂರ್ತಿ ಒಣಗಿತ್ತು. ಜೂನ್ ತಿಂಗಳ ಮೊದಲ ವಾರ. ನಮ್ಮ ಕರಾವಳಿಯಲ್ಲಿ ಅಂಗಳಕ್ಕಿಳಿಯಲು ಕೊಡೆ ಬೇಕು. ಇಲ್ಲಿ ಆಕಾಶದಲ್ಲಿ ಮೋಡವಿದ್ದರೂ ಬೀಳುವ ಮನಸ್ಸು ಮಾಡಿರಲಿಲ್ಲ. ಬಸ್ ನಿಲ್ದಾಣದಲ್ಲಿ ಚಹಾ ಕುಡಿದು ಧರ್ಮಪುರದ ಕಡೆಗೆ ಹೋಗುವ ಬಸ್ಸು ಹತ್ತಿದೆ. ಬಸ್ಸಿನ ತುಂಬಾ ಹೆಂಗಸರು, ಕಾಲೇಜು ಹುಡುಗಿಯರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ಚಿಂತೆ ಇಲ್ಲದೆ ಹೆಣ್ಣುಮಕ್ಕಳು ಓದಲು ಪೇಟೆಗೆ ಹೋಗಿಬರುತ್ತಾರೆ ಎಂದು ಪಕ್ಕದಲ್ಲಿ ಕುಳಿತ ಅಜ್ಜಿಯೊಬ್ಬರು ಹೇಳಿದರು. ಅವರ ಮಡಿಲಲ್ಲಿ ಬಿತ್ತನೆಯ ಶೇಂಗಾ ತುಂಬಿದ ಚೀಲವಿತ್ತು.

ಹರಿಯಬ್ಬೆ ಹಿರಿಯೂರು ತಾಲೂಕಿನ ಪೂರ್ವದ ಅಂಚಿನ ಊರು. ಇನ್ನೂ ಮುಂದೆ ಹೋದರೆ ಆಂಧ್ರಪ್ರದೇಶ. ಹೆಸರು ಕೇಳಿದಂದಿನಿಂದ ನನಗೊಂದು ಕುತೂಹಲ. ಹಳೆಗನ್ನಡದಲ್ಲಿ ಅಬ್ಬೆ ಎಂದರೆ ತಾಯಿ. ನಮ್ಮ ಉರ್ದು ಮಾತಿನ ಮನೆಗಳಲ್ಲಿ ಅಬ್ಬಾ ಎಂದರೆ ತಂದೆ. ಊರಿನ ಹೆಸರು ಹೇಗೆ ಬಂತೋ ಬಲ್ಲವರು ಹೇಳಲಿ, ಆದರೆ ಮಾತೃಭಾಷೆಯ ವಿಷಯವಾಗಿಯೇ ಒಂದು ಮನೆಯಲ್ಲಿ ಮೂರು ದಿನ ಚರ್ಚೆ ನಡೆಯುವುದನ್ನು ಕೇಳಲು ಇದಕ್ಕಿಂತ ಒಳ್ಳೆಯ ಹೆಸರಿನ ಊರು ಸಿಗುತ್ತಿರಲಿಲ್ಲ.

ನಾನು ಹೋದದ್ದು ಟಿ.ಸಿ.ಎಚ್. ಓದುವಾಗ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದ ಗೆಳತಿಯ ಮನೆಗೆ. ಅವಳು ಒಂದನೇ ತರಗತಿಯಿಂದ ಕನ್ನಡ ಮಾಧ್ಯಮದಲ್ಲೇ ಓದಿದವಳು. ಅವಳ ವಾರಗಿತ್ತಿ ಪಟ್ಟಣದ ಉರ್ದು ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಆ ವಾರಗಿತ್ತಿಯ ಮಗಳಿಗೆ ಈ ವರ್ಷ ಒಂದನೇ ತರಗತಿ. ಎಲ್ಲಿಗೆ ಸೇರಿಸುವುದು? ಮನೆಯಲ್ಲಿ ನಾಲ್ಕು ಜನಕ್ಕೆ ನಾಲ್ಕು ಅಭಿಪ್ರಾಯ. ಅತ್ತೆಗೆ ಮೊಮ್ಮಗಳು ಹಿರಿಯೂರಿನಲ್ಲಿ ನಾನಿಯ ಮನೆಯಲ್ಲಿದ್ದು ಉರ್ದು ಶಾಲೆಗೆ ಹೋಗಬೇಕೆಂದು ಆಸೆ. ಮಗುವಿನ ತಂದೆಗೆ ಇಂಗ್ಲಿಷ್ ಶಾಲೆಯ ಹಳದಿ ವ್ಯಾನಿನ ಮೇಲೆ ಕಣ್ಣು. ನನ್ನ ಗೆಳತಿ ಊರಿನ ಸರ್ಕಾರಿ ಶಾಲೆಯ ಪರ. ತಾಯಿ ಮಾತ್ರ ಏನೂ ಹೇಳದೆ ರಾಗಿ ಮುದ್ದೆ ತಿರುವುತ್ತಿದ್ದಳು.

ಊಟವಾದ ಮೇಲೆ ಅವಳು ನನ್ನ ಬಳಿ ಬಂದು ಕುಳಿತಳು. “ಆಪಾ, ನಾನು ಏಳನೇ ಕ್ಲಾಸ್ ಪಾಸಾದೋಳು. ಆದ್ರೆ ಬಸ್ಸಿನ ಬೋರ್ಡ್ ಓದಕ್ಕೆ ಬರಲ್ಲ” ಎಂದಳು. ಉರ್ದು ಶಾಲೆಯಲ್ಲಿ ಕನ್ನಡವೂ ಒಂದು ವಿಷಯ. ಆದರೆ ಅವಳು ಓದುತ್ತಿದ್ದಾಗ ಎರಡು ವರ್ಷ ಕನ್ನಡಕ್ಕೆ ಶಿಕ್ಷಕರೇ ಇರಲಿಲ್ಲವಂತೆ. ಏಳನೆಯ ನಂತರ ಉರ್ದು ಪ್ರೌಢಶಾಲೆ ಕೈಗೆಟುಕಲಿಲ್ಲ. ಕನ್ನಡ ಮಾಧ್ಯಮದ ಎಂಟನೇ ತರಗತಿಗೆ ಸೇರಿದಳು. ವಿಜ್ಞಾನದ ಪುಸ್ತಕ ತೆರೆದರೆ ಒಂದು ಸಾಲೂ ಅರ್ಥವಾಗಲಿಲ್ಲ. ಆರು ತಿಂಗಳಲ್ಲಿ ಶಾಲೆ ಬಿಟ್ಟಳು, ಮರುವರ್ಷ ನಿಕಾಹ್ ಮಾತುಕತೆ. ನಾಲ್ಕು ವರ್ಷಗಳ ಹಿಂದೆ ಮಗುವಿಗೆ ಜ್ವರ ಬಂದಾಗ ಔಷಧಿಯ ಚೀಟಿಯಲ್ಲಿ ದಿನಕ್ಕೆ ಎಷ್ಟು ಸಲ ಕೊಡಬೇಕೆಂದು ಕನ್ನಡದಲ್ಲಿ ಬರೆದುಕೊಟ್ಟಿದ್ದರು. ಮನೆಯಲ್ಲಿ ಗಂಡಸರಿಲ್ಲ, ಗೆಳತಿ ಊರಲ್ಲಿಲ್ಲ. ಅಂದಾಜಿನ ಮೇಲೆ ಕೊಟ್ಟಳು. ಅಲ್ಹಮ್ದುಲಿಲ್ಲಾಹ್, ಮಗುವಿಗೆ ಏನೂ ಆಗಲಿಲ್ಲ. “ಆ ರಾತ್ರಿ ನಿದ್ದೆ ಬರ್ಲಿಲ್ಲ ಆಪಾ. ನಾನು ಓದಿರೋಳಾ, ಓದದೇ ಇರೋಳಾ?” ಎಂದು ಕೇಳಿದಳು.

ಹಾಗಾದರೆ ಕನ್ನಡ ಶಾಲೆಯೇ ಸರಿ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಒಳಗಿಂದ ತಗಡಿನ ಪೆಟ್ಟಿಗೆ ತಂದರು. ಅದರಲ್ಲಿ ಅವರ ಯಜಮಾನರು ಬೆಂಗಳೂರಿನಲ್ಲಿ ದುಡಿಯುತ್ತಿದ್ದಾಗ ಬರೆದ ಪತ್ರಗಳು. ಎಲ್ಲವೂ ಉರ್ದು. ಅತ್ತೆಗೆ ಈಗ ಕಣ್ಣು ಕಾಣುವುದಿಲ್ಲ. ನನ್ನ ಗೆಳತಿ ಶಿಕ್ಷಣ ತರಬೇತಿ ಪಡೆದವಳಾದರೂ ಉರ್ದು ಲಿಪಿ ತಿಳಿಯದು. ಒಂಬತ್ತನೇ ತರಗತಿಯ ಅವಳ ಮಗಳು ಮನೆಯಲ್ಲಿ ಪಟಪಟನೆ ಮಾತನಾಡುತ್ತಾಳೆ, ಮದ್ರಸದಲ್ಲಿ ಕಲಿತ ಕುರ್‌ಆನ್ ಓದುತ್ತಾಳೆ, ಆದರೆ ಅಜ್ಜನ ಓಟದ ಕೈಬರಹದ ಮುಂದೆ ಸೋಲುತ್ತಾಳೆ. ಆ ಮನೆಯಲ್ಲಿ ಪತ್ರಗಳನ್ನು ಓದಿ ಹೇಳಬಲ್ಲವಳು ಔಷಧಿಯ ಚೀಟಿ ಓದಲಾಗದ ಈ ಸೊಸೆ ಒಬ್ಬಳೇ! ಅವಳು ಓದಿದಳು. ಮಳೆ, ಎತ್ತಿನ ಖರೀದಿ, ಮಗನ ಕೆಮ್ಮು, ಮನಿಯಾರ್ಡರ್ ಇಷ್ಟೇ ವಿಷಯ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ತೆರೆದ ಬಾಯಿ ಮುಚ್ಚಿದೆ.

ಸಹೋದರಿಯರೇ, ನಾವು ‘ಉರ್ದು ಮಾತೃಭಾಷೆ’ ಎಂದು ಅರ್ಜಿಯಲ್ಲಿ ಬರೆಯುತ್ತೇವಲ್ಲ, ಅದೂ ಅಷ್ಟು ಸರಳವಲ್ಲ. ಹರಿಯಬ್ಬೆಯ ಮಗು ಆಡುವುದು ದಖನಿ. ‘ಬೇಡ’ ಎನ್ನಲು ‘ನಕ್ಕೋ’ ಎನ್ನುತ್ತದೆ, ‘ಹೌದು’ ಎನ್ನಲು ‘ಹೌ’. ‘ಏಕೆ’ ಎನ್ನಲು ‘ಕೈಕು’. ಕನ್ನಡದಲ್ಲಿ ನಾವು ‘ಬರ್ತಾನಂತೆ’ ಎಂದು ‘ಅಂತೆ’ ಸೇರಿಸುವ ಹಾಗೆ ದಖನಿಯಲ್ಲಿ ‘ಆತಾ ಕತೆ’ ಎಂದು ‘ಕತೆ’ ಸೇರಿಸುತ್ತಾರೆ. ಉತ್ತರದ ಉರ್ದುವಿನಲ್ಲಿ ಈ ಅಭ್ಯಾಸವಿಲ್ಲ. ಅದು ಈ ನೆಲದ ಭಾಷೆಗಳ ಜೊತೆ ನೂರಾರು ವರ್ಷ ಬಾಳಿದ್ದರ ಗುರುತು. ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹ್ ‘ಕಿತಾಬೆ ನೌರಸ್’ ಬರೆದದ್ದು ಈ ದಖನಿಯಲ್ಲೇ. ಹೀಗಿದ್ದರೂ ಉರ್ದು ಶಾಲೆಯ ಪುಸ್ತಕದಲ್ಲಿ ದಖನಿ ಇರುವುದಿಲ್ಲ. ‘ನಕ್ಕೋ’ ಎಂದರೆ ತಪ್ಪು ಎಂದು ತಿದ್ದುತ್ತಾರೆ. ಅಂದರೆ ಉರ್ದು ಶಾಲೆಗೆ ಹೋದ ಮಗುವಿಗೂ ಶಾಲೆಯ ಮಾತು ಸ್ವಲ್ಪ ಹೊಸದೇ. ನಮ್ಮ ಬ್ಯಾರಿ ಮಕ್ಕಳಿಗೆ ಈ ಅನುಭವ ಬೇರೆ ರೀತಿಯದು. ಮನೆಯಲ್ಲಿ ಬ್ಯಾರಿ, ಮದ್ರಸದಲ್ಲಿ ಅರಬಿ, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ತುಳು. ನಾವು ಅದನ್ನು ಕಷ್ಟ ಎಂದು ಎಣಿಸಿದ್ದೇ ಇಲ್ಲ.

ಮರುದಿನ ಗೆಳತಿಯ ಜೊತೆ ಗಡಿ ದಾಟಿ ಹೇಮಾವತಿಗೆ ಹೋದೆ. ಇದು ಅಮರಾಪುರಂ ಮಂಡಲದ ಊರು. ಹಿಂದೆ ಹೆಂಜೇರು ಎಂಬ ಹೆಸರಿನಿಂದ ನೊಳಂಬ ಅರಸರ ರಾಜಧಾನಿಯಾಗಿತ್ತು. ಅಲ್ಲಿಯ ಕೆತ್ತನೆಯ ಕಂಬಗಳನ್ನು ನೋಡುತ್ತಾ ನಿಂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ನನಗೆ ಕಂಬಗಳಿಗಿಂತ ಹೆಚ್ಚು ಹಿಡಿಸಿದ್ದು ಜನರ ಮಾತು. ಆಡಳಿತವೆಲ್ಲ ತೆಲುಗಿನಲ್ಲಿ, ಅಂಗಡಿಯಲ್ಲಿ ಚೌಕಾಸಿ ಕನ್ನಡದಲ್ಲಿ! 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ಮಡಕಶಿರಾ ಸೀಮೆ ಆಂಧ್ರದಲ್ಲೇ ಉಳಿಯಿತು, ಆದರೆ ಅಲ್ಲಿನ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು ನಡೆದುಬಂದವು. 2019ರ ನವೆಂಬರ್‌ನಲ್ಲಿ ಆಂಧ್ರ ಸರ್ಕಾರ ತನ್ನ ಶಾಲೆಗಳನ್ನೆಲ್ಲ ಇಂಗ್ಲಿಷ್ ಮಾಧ್ಯಮ ಮಾಡಲು ಆದೇಶ ಹೊರಡಿಸಿತು. 2020ರ ಏಪ್ರಿಲ್‌ನಲ್ಲಿ ಅಲ್ಲಿನ ಹೈಕೋರ್ಟು ಅದನ್ನು ರದ್ದುಪಡಿಸಿತು. ಗಡಿಯ ಈಚೆ ಉರ್ದುವಿನ ತಾಯಿಗೆ ಇರುವ ಆತಂಕವೇ ಗಡಿಯ ಆಚೆ ಕನ್ನಡದ ತಾಯಿಗೂ ಇದೆ ಎಂದು ನನಗೆ ಅಲ್ಲಿ ಹೊಳೆಯಿತು.

ಗೆಳತಿ ದಾರಿಯಲ್ಲಿ ತನ್ನ ವಾದ ಮುಂದುವರಿಸಿದಳು. ಕರ್ನಾಟಕದಲ್ಲಿ ಈಗ ಸರ್ಕಾರವೇ ಎರಡು ಭಾಷೆಯ ದಾರಿ ಹಿಡಿದಿದೆ. 2018-19ರಲ್ಲಿ 176 ಕರ್ನಾಟಕ ಪಬ್ಲಿಕ್ ಶಾಲೆಗಳು ಆರಂಭವಾದವು. ಎಲ್.ಕೆ.ಜಿ.ಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಓದಬಹುದು. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಕನ್ನಡದ ಜೊತೆ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಲಾಯಿತು. ನಮ್ಮ ಸಮುದಾಯದ ಮಕ್ಕಳಿಗೆಂದು ಮೌಲಾನಾ ಆಝಾದ್ ಮಾದರಿ ಶಾಲೆಗಳು 2017-18ರಲ್ಲಿ ಬಂದವು, ಆರಂಭದಲ್ಲಿ ಅವು ಆರರಿಂದ ಹತ್ತನೆಯವರೆಗೆ ಇದ್ದವು. ಇದೆಲ್ಲ ಒಳ್ಳೆಯದೇ. ಆದರೆ ‘ಎರಡು ಭಾಷೆ’ ಎಂದರೆ ಇಲ್ಲಿ ಕನ್ನಡ ಮತ್ತು ಇಂಗ್ಲಿಷ್. ಮನೆಯ ಮಾತು ಆ ಎರಡರಲ್ಲಿ ಒಂದೂ ಅಲ್ಲದ ಮಗುವಿನ ಲೆಕ್ಕ ಎಲ್ಲಿ? ನಾನು ಕೇಳಿದೆ. ಗೆಳತಿ ಸುಮ್ಮನಾದಳು.

ಗ್ರೀಸ್ ದೇಶದ ಅಥೆನ್ಸ್ ನಗರದ ಬಳಿ ಆಗಿಯಾ ಪರಸ್ಕೆವಿ ಎಂಬಲ್ಲಿ ಫ್ರೆಂಚ್-ಗ್ರೀಕ್ ಶಾಲೆಯೊಂದಿದೆ. ಯುಜೀನ್ ದಲಾಕ್ರುವಾ ಎಂಬ ಚಿತ್ರಕಾರನ ಹೆಸರು ಅದಕ್ಕೆ. ಶಿಶುವಿಹಾರದಿಂದ ಪ್ರೌಢಶಾಲೆಯ ಕೊನೆಯವರೆಗೆ ಮಕ್ಕಳು ಅಲ್ಲಿ ಎರಡು ಭಾಷೆಗಳ ನಡುವೆ ಬೆಳೆಯುತ್ತಾರೆ. ಅದಕ್ಕಾಗಿ ಹೆತ್ತವರು ಶುಲ್ಕ ಕಟ್ಟುತ್ತಾರೆ, ಹೆಮ್ಮೆಪಡುತ್ತಾರೆ. ಹರಿಯಬ್ಬೆಯ ಮಗುವಿನ ಕಿವಿಗೆ ಆರು ವರ್ಷಕ್ಕೇ ದಖನಿ, ಕನ್ನಡ, ಅಷ್ಟಿಷ್ಟು ತೆಲುಗು ಬಿಟ್ಟಿಯಾಗಿ ಬಿದ್ದಿದೆ. ನಾವು ಅದನ್ನು ತಲೆನೋವು ಎನ್ನುತ್ತೇವೆ.

ಆ ಸಂಜೆ ಮಗ್ರಿಬ್ ಆದ ಮೇಲೆ ನಾನು ಬಾನು ಮುಷ್ತಾಕ್ ಅವರ ಕಥೆ ಹೇಳಿದೆ. ಹಾಸನದ ಈ ಲೇಖಕಿಯ ಮನೆಮಾತು ಉರ್ದು. ಎಂಟು ವರ್ಷದವರಾಗಿದ್ದಾಗ ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸಲು ಕರೆದೊಯ್ದರು. ಆರು ತಿಂಗಳೊಳಗೆ ಕನ್ನಡ ಓದಿ ಬರೆಯಲು ಕಲಿಯಬೇಕು ಎಂಬ ಷರತ್ತಿನ ಮೇಲೆ ಸೇರಿಸಿಕೊಂಡರು. ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. 2025ರ ಮೇ ತಿಂಗಳಲ್ಲಿ ಅವರ ಕನ್ನಡ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದಲ್ಲಿ, ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂತು. ‘ನಿತ್ಯೋತ್ಸವ’ದ ನಿಸಾರ್ ಅಹಮದರ ಮನೆಯೂ ಉರ್ದುವಿನದ್ದೇ. ಅತ್ತೆ ಇದನ್ನು ಕೇಳಿ, ಪ್ರವಾದಿವರ್ಯರ(ಸ) ಕಾಲದ ಝೈದ್ ಬಿನ್ ಸಾಬಿತ್(ರ) ಬಗ್ಗೆ ನೆನಪಿಸಿದರು. ಯಹೂದಿಯರ ಬರಹ ಕಲಿಯುವಂತೆ ಪ್ರವಾದಿಯವರು(ಸ) ಅವರಿಗೆ ಆಜ್ಞಾಪಿಸಿದಾಗ ಅರ್ಧ ತಿಂಗಳೊಳಗೆ ಕಲಿತುಬಿಟ್ಟರಂತೆ. ಭಾಷೆಗಳ ಭಿನ್ನತೆಯನ್ನು ಕುರ್‌ಆನಿನ ಅರ್‍ರೂಮ್ ಅಧ್ಯಾಯ ಅಲ್ಲಾಹನ ದೃಷ್ಟಾಂತಗಳಲ್ಲಿ ಎಣಿಸಿರುವುದನ್ನೂ ಅವರೇ ಹೇಳಿದರು. ಕಣ್ಣು ಕಾಣದಿದ್ದರೂ ಅವರ ನೆನಪು ಚುರುಕು.

ಆಗ ಮಗುವಿನ ತಾಯಿ ಮೊದಲ ಬಾರಿ ಎಲ್ಲರೆದುರು ಮಾತನಾಡಿದಳು. ಮಗಳು ಊರಿನ ಶಾಲೆಗೇ ಹೋಗಲಿ. ತನ್ನ ಕಣ್ಣೆದುರಿಗೇ ಇರಲಿ. ಆದರೆ ದಿನಾ ಮಗ್ರಿಬ್ ನಂತರ ಅರ್ಧ ಗಂಟೆ ಉರ್ದು ತಾನೇ ಕಲಿಸುತ್ತೇನೆ, ಆ ಹೊತ್ತಿಗೆ ಯಾರೂ ಟಿ.ವಿ. ಹಾಕಕೂಡದು. ಇನ್ನೊಂದು ಷರತ್ತೂ ಇತ್ತು. ಒಂಬತ್ತನೆಯ ಹುಡುಗಿ ತನಗೆ ಕನ್ನಡ ಅಕ್ಷರ ಹೇಳಿಕೊಡಬೇಕು. ಗಂಡ ‘ವ್ಯಾನು’ ಎಂದು ಏನೋ ಹೇಳಲು ಹೋದ. ಅತ್ತೆ ‘ನಕ್ಕೋ’ ಎಂದರು. ಅಷ್ಟೇ.

ನಾನು ಹೊರಡುವ ದಿನ ಬೆಳಿಗ್ಗೆ ಶಾಲೆಯ ಅರ್ಜಿ ಫಾರಂ ಬಂತು. ಗೆಳತಿ ತುಂಬಿದಳು. ಮಾತೃಭಾಷೆ: ಉರ್ದು. ಮಾಧ್ಯಮ: ಕನ್ನಡ. ಪಾಲಕರ ಸಹಿಯ ಜಾಗ ಬಂದಾಗ ತಾಯಿ ಪೆನ್ನು ತೆಗೆದುಕೊಂಡಳು. ಅಭ್ಯಾಸದಂತೆ ಬಲಬದಿಯಿಂದ ಆರಂಭಿಸಹೋಗಿ ನಿಲ್ಲಿಸಿದಳು. ಎರಡು ದಿನಗಳಲ್ಲಿ ಹುಡುಗಿ ಕಲಿಸಿದ್ದನ್ನು ನೆನಪಿಸಿಕೊಂಡು ಎಡದಿಂದ ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದಳು. ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಹುಡುಗಿ ತೋರಿಸಿದಳು, ಅವಳು ಕೆಳಗೆ ಸೇರಿಸಿದಳು. ಹೊರಗೆ ಹಿರಿಯೂರಿನ ಬಸ್ಸು ಹಾರ್ನ್ ಮಾಡುತ್ತಿತ್ತು.