ಹಿತ್ತಿಲ ನಾಲ್ಕು ಹೇಂಟೆಗಳು

ಬೆಳಕು ಕಂದುತ್ತಿದ್ದಂತೆ ಕೋಳಿಗಳು ತಾವಾಗಿಯೇ ಗೂಡು ಸೇರುತ್ತವೆ. ಒಂದರ ಹಿಂದೊಂದು ಒಳಹೊಕ್ಕು, ಅಡ್ಡಗೋಲಿನ ಮೇಲೆ ಒತ್ತಿಕೊಂಡು ಕೂತು, ಗಂಟಲೊಳಗೇ ಏನೋ ಮಾತಾಡಿಕೊಳ್ಳುತ್ತವೆ. ಸಿಯಾಟಲ್‌ನ ನಮ್ಮ ಹಿತ್ತಿಲಲ್ಲಿ ನಿಂತು ಆ ಸದ್ದು ಕೇಳುವಾಗ, ಮಂಡ್ಯದ ಕಡೆಯ ಊರಿನಲ್ಲಿ ಅಜ್ಜಿ ಕೋಳಿಗಳ ಮೇಲೆ ಮಂಕರಿ ಕವುಚುತ್ತಿದ್ದ ಹೊತ್ತು ನೆನಪಾಗುತ್ತದೆ.

ಈ ಸದ್ದಿಗಾಗಿ ಎರಡು ವರ್ಷ ಕಾದಿದ್ದೇನೆ. ಸಿಯಾಟಲ್‌ನಲ್ಲಿ 2010ರಿಂದ ಹಿತ್ತಿಲಲ್ಲಿ 8 ಕೋಳಿಗಳವರೆಗೆ ಸಾಕಬಹುದು. ಹುಂಜ ಮಾತ್ರ ತರುವಂತಿಲ್ಲ. ಆದರೆ ನಮ್ಮ ಬಡಾವಣೆಯ ಮನೆ ಮಾಲೀಕರ ಸಂಘದ ಕರಾರಿನಲ್ಲಿ ಕೋಳಿಗೇ ಜಾಗವಿರಲಿಲ್ಲ. ನಗರ ಹೂಂ ಎಂದರೂ ಸಂಘ ಬೇಡವೆನ್ನಬಹುದು. ಮನೆ ಕೊಂಡಾಗಲೇ ಆ ಕರಾರೂ ನಮ್ಮದಾಗಿರುತ್ತದೆ. ಬೇಲಿಯ ಎತ್ತರ, ಗೋಡೆಯ ಬಣ್ಣ, ಕಸದ ಡಬ್ಬಿ ಹೊರಗಿಡುವ ಹೊತ್ತು ಎಲ್ಲವೂ ಅದರಲ್ಲಿದೆ. ಮೀರಿದರೆ ಮೊದಲು ಪತ್ರ, ಆಮೇಲೆ ದಂಡ.

ಓದಿದಾಗ ಸಿಟ್ಟು ಬಂತು. ಆಮೇಲೆ ಅಜ್ಜಿಯ ಕಾಲ ನೆನೆದೆ. ನಮ್ಮ ಕೋಳಿ ಪಕ್ಕದವರು ಒಣಹಾಕಿದ ರಾಗಿ ಕೆದರಿದರೆ ಬೀದಿ ತುಂಬ ಜಗಳ. ಅಜ್ಜಿ ಹೋಗಿ, “ತಪ್ಪಾಯ್ತು ಕಣವ್ವ, ನಾಳೆಯಿಂದ ಮುಚ್ಚಿಡ್ತೀನಿ” ಎಂದು ಹೇಳಿ ಬರುತ್ತಿದ್ದಳು. ಅಲ್ಲಿ ನೆರೆಯವರ ಬಾಯಲ್ಲಿದ್ದ ಕಟ್ಟಳೆ ಇಲ್ಲಿ ಕಾಗದದಲ್ಲಿತ್ತು, ಅಷ್ಟೆ.

ಕರಾರು ತಿದ್ದಲು ಮೂರರಲ್ಲಿ ಎರಡು ಪಾಲು ಮನೆಯವರ ಒಪ್ಪಿಗೆ ಬೇಕಿತ್ತು. ಮನೆಮನೆಗೆ ಹೋದೆ. ಅವರ ಅಂಜಿಕೆ ಮೂರು: ಕೂಗು, ವಾಸನೆ, ಇಲಿ. ಮೊಟ್ಟೆಯಿಡಲು ಹುಂಜ ಬೇಕಿಲ್ಲ ಎಂಬುದೇ ಹಲವರಿಗೆ ಹೊಸ ಸಂಗತಿ. ಹಿಕ್ಕೆಗೆ ಮರದ ಹೊಟ್ಟು ಬೆರೆಸಿ ಗೊಬ್ಬರ ಮಾಡುತ್ತೇನೆ, ಕಾಳನ್ನು ಮುಚ್ಚಳದ ತಗಡಿನ ಡಬ್ಬಿಯಲ್ಲಿಡುತ್ತೇನೆ ಎಂದೆ. ಕೊನೆಗೆ ನಾಲ್ಕು ಹೇಂಟೆಗೆ ಒಪ್ಪಿಗೆ ಸಿಕ್ಕಿತು.

ಮರಿ ತಂದ ಐದು ತಿಂಗಳಿಗೆ ಮೊದಲ ಮೊಟ್ಟೆ. ಕಂದು ಬಣ್ಣದ್ದು, ಇನ್ನೂ ಬೆಚ್ಚಗಿತ್ತು. ಅಂಗೈಯಲ್ಲಿ ಹಿಡಿದುಕೊಂಡು ಅದು ಆರುವವರೆಗೂ ನಿಂತಿದ್ದೆ. ಡಿಸೆಂಬರಿನಲ್ಲಿ ಇಲ್ಲಿ ಹಗಲು 8 ಗಂಟೆಗಿಂತ ತುಸುವೇ ಹೆಚ್ಚು. ಬೆಳಕು ಸಾಲದೆ ಕೋಳಿಗಳು ಮೊಟ್ಟೆ ನಿಲ್ಲಿಸಿದವು. ಆಗಲೂ ಅವು ಮಣ್ಣು ಕೆದರುವುದನ್ನು ನೋಡಲು ಪಕ್ಕದ ಮನೆಯ ಮಕ್ಕಳು ಬೇಲಿಯ ಬಳಿ ಬಂದು ನಿಲ್ಲುತ್ತಿದ್ದರು.

ಕೋಳಿ ಸಾಕುವ ಆಸೆಯಿದ್ದರೆ ಮರಿ ತರುವ ಮುನ್ನ ಕರಾರು ಓದಿ. ಅದರಲ್ಲಿ ಬೇಡವೆಂದಿದ್ದರೆ, ನೆರೆಯವರ ಬಾಗಿಲು ತಟ್ಟಿ.